ದಾರಿ ತಪ್ಪಿದ ಹಕ್ಕಿಗಳ ಹಳ್ಳಿ

ಇಂಗ್ಲೆಂಡಿನ ಪೂರ್ವ ದಿಕ್ಕಿಗೆ ನಾರ್ಫೋಕ್ ಎಂಬ ಸೀಮೆ. ಅದರ ಬಡಗಣ ಅಂಚಿನಲ್ಲಿ ಒಂದು ಸಣ್ಣ ಹಳ್ಳಿ. ಅದರ ಪೂರ್ತಿ ಹೆಸರು ‘ಕ್ಲೈ ನೆಕ್ಸ್ಟ್ ದಿ ಸೀ’. ಎಂದರೆ, ಕಡಲ ಪಕ್ಕದ ಕ್ಲೈ. ಹೆಸರನ್ನು ನಂಬಿ ಹೋದವರಿಗೆ ಊರೊಳಗೆ ನಿಂತಾಗ ಕಡಲೇ ಕಾಣುವುದಿಲ್ಲ! ಹಿಂದೊಂದು ಕಾಲದಲ್ಲಿ ಉಣ್ಣೆಯನ್ನೂ ಧಾನ್ಯವನ್ನೂ ಹೊತ್ತ ಹಡಗುಗಳು ಇಲ್ಲಿಗೆ ಬರುತ್ತಿದ್ದವು. ಹೊಳೆಯ ಬಾಯಲ್ಲಿ ಹೂಳು ತುಂಬಿತು, ಕಡಲು ಒಂದು ಮೈಲಿಯಷ್ಟು ದೂರ ಸರಿಯಿತು, ಬಂದರು ಹಳ್ಳಿಯಾಯಿತು. ಈಗ ಉಳಿದಿರುವುದು ಒಂದು ಗಾಳಿಗಿರಣಿ, ಚಕಮಕಿ ಕಲ್ಲಿನ ಗೋಡೆಗಳ ಮನೆಗಳು, ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡದೇಕೆ ಎನಿಸುವಂಥ ಹಳೆಯ ಇಗರ್ಜಿ. ಸಾಧಾರಣ ಪ್ರವಾಸಿಯಾದರೆ ಗಾಳಿಗಿರಣಿಯ ಚಿತ್ರ ತೆಗೆದುಕೊಂಡು, ಚಹಾ ಕುಡಿದು, ಅರ್ಧ ಗಂಟೆಯಲ್ಲಿ ಮುಂದಿನ ಊರಿಗೆ ಹೊರಟುಬಿಡುತ್ತಾನೆ.

ಆದರೆ ಇದೇ ಊರಿಗೆ ಶುಕ್ರವಾರದ ಸಂಜೆ ಶಾಲೆಯ ಚೀಲವನ್ನು ಮೂಲೆಗೆಸೆದು, ದಾರಿಯಲ್ಲಿ ಹೋಗುವ ಲಾರಿಗಳಿಗೆ ಕೈಯೊಡ್ಡಿ, ನೂರು ಮೈಲಿಗೂ ಮೀರಿದ ಲಂಡನ್ನಿನಿಂದ ಬರುತ್ತಿದ್ದ ಹುಡುಗರಿದ್ದರು. ಕೊರಳಲ್ಲಿ ದುರ್ಬೀನು, ಜೇಬಿನಲ್ಲಿ ಪುಟ್ಟ ಪುಸ್ತಕ, ಕೈಯಲ್ಲಿ ಬಹುಶಃ ಒಂದು ಹೊತ್ತಿನ ಊಟಕ್ಕೆ ಸಾಲುವಷ್ಟು ಕಾಸು. ರಾತ್ರಿ ಕಡಲ ದಂಡೆಯ ತಂಗುದಾಣದಲ್ಲೋ, ಜೌಗಿನ ಮರೆಗುಡಿಸಲಲ್ಲೋ ಮುದುಡಿ ಮಲಗಿದರೆ ಸರಿ, ಬೆಳಕು ಹರಿಯುವುದಕ್ಕೆ ಮುಂಚೆ ಎದ್ದು ಹೊರಟರು. ಹಕ್ಕಿ ನೋಡಬೇಕು! ಅದೂ ಎಂಥ ಹಕ್ಕಿಯನ್ನು? ಆ ದೇಶದಲ್ಲಿ ಇರಬಾರದ ಹಕ್ಕಿಯನ್ನು.

ಅಂಥ ಹಕ್ಕಿ ಈ ಊರಿಗೇ ಏಕೆ ಬರಬೇಕು? ಭೂಪಟವನ್ನು ಬಿಡಿಸಿದರೆ ಉತ್ತರ ಕಾಣುತ್ತದೆ. ನಾರ್ಫೋಕ್ ಸೀಮೆ ಉತ್ತರ ಸಮುದ್ರಕ್ಕೆ ಮೈ ಚಾಚಿಕೊಂಡು ಕುಳಿತಿದೆ. ಶರತ್ಕಾಲದಲ್ಲಿ ಸ್ಕ್ಯಾಂಡಿನೇವಿಯದಿಂದ ತೆಂಕಣಕ್ಕೆ ಹೊರಟ ಹಕ್ಕಿಗಳಿಗೆ ನಡುವೆ ಮೂಡಣ ಗಾಳಿಯೂ ಮಳೆಯೂ ಒಟ್ಟಿಗೆ ಅಡರಿಕೊಂಡರೆ, ಅವು ಕಡಲಿನ ಮೇಲೆ ದಿಕ್ಕೆಟ್ಟು, ಕಣ್ಣಿಗೆ ಬಿದ್ದ ಮೊದಲ ನೆಲಕ್ಕೆ ಬಂದು ಬೀಳುತ್ತವೆ. ಕ್ಲೈ ಹಳ್ಳಿಯ ಪಡುವಣಕ್ಕೆ ನಾಲ್ಕು ಮೈಲಿ ಉದ್ದದ ನುಣುಪುಗಲ್ಲಿನ ನಾಲಗೆಯೊಂದು ಕಡಲಿನೊಳಕ್ಕೆ ಚಾಚಿದೆ. ಬ್ಲೇಕ್ನಿ ಪಾಯಿಂಟ್ ಎಂದು ಅದರ ಹೆಸರು. ಹೆಜ್ಜೆಯಿಟ್ಟರೆ ಕಾಲು ಹಿಂದಕ್ಕೆ ಜಾರುವ ದಾರಿ ಅದು. ಅಲ್ಲಿ ಮರವೆಂಬುದೇ ಅಪರೂಪ. ಉಪ್ಪು ನೆಲದಲ್ಲಿ ಬೆಳೆಯುವ ಕುರುಚಲು ಪೊದೆಗಳಷ್ಟೆ. ದಣಿದ ಹಕ್ಕಿಗೆ ಅದೇ ಧರ್ಮಛತ್ರ.

ಈ ಗುಟ್ಟನ್ನು ಮೊದಲು ಅರಿತವರು ಹಕ್ಕಿಗಳ ಹಿತೈಷಿಗಳಲ್ಲ, ಬಂದೂಕಿನ ದೊರೆಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಅವರು ಆ ಪೊದೆಗಳನ್ನು ಬಡಿದು, ಎದ್ದ ಹಕ್ಕಿಯನ್ನು ಹೊಡೆದುರುಳಿಸುತ್ತಿದ್ದರು. ನೀಲಿ ಕೊರಳಿನ ಒಂದು ಪುಟ್ಟ ಹಕ್ಕಿಯ ಮೇಲೆ ಅವರಿಗೆ ವಿಶೇಷ ಕಣ್ಣು. ನಮ್ಮ ಕೆರೆಗಳ ಜೊಂಡಿನಲ್ಲಿ ಚಳಿಗಾಲ ಕಳೆಯುವ ಹಕ್ಕಿಯೇ ಅದು. ಹೊಡೆದ ಹಕ್ಕಿಗೆ ಹುಲ್ಲು ತುಂಬಿ, ಜೀವವಿದ್ದಂತೆ ನಿಲ್ಲಿಸಿಕೊಡಲು ಊರಲ್ಲೇ ಪ್ಯಾಶ್ಲಿ ಎಂಬ ಕುಶಲ ಕಸುಬುಗಾರನಿದ್ದ. ಕೈಯಲ್ಲಿ ಹೆಣವಿಲ್ಲದಿದ್ದರೆ ನೋಡಿದೆನೆಂಬ ಮಾತಿಗೆ ಆಗ ಬೆಲೆಯಿರಲಿಲ್ಲ.

1926ರಲ್ಲಿ ಸಿಡ್ನಿ ಲಾಂಗ್ ಎಂಬ ವೈದ್ಯರೂ ಅವರ ಗೆಳೆಯರೂ ಸೇರಿ ಕ್ಲೈ ಹಳ್ಳಿಯ ಜೌಗುನೆಲವನ್ನು, ಸುಮಾರು ನಾನೂರು ಎಕರೆಯಷ್ಟನ್ನು, ಹರಾಜಿನಲ್ಲಿ ಕೊಂಡು ಹಕ್ಕಿಗಳಿಗೆ ಬಿಟ್ಟುಕೊಟ್ಟರು. ಅದನ್ನು ನೋಡಿಕೊಳ್ಳಲು ಹುಟ್ಟಿದ ಸಂಸ್ಥೆ ಆ ಬಗೆಯ ಜಿಲ್ಲಾ ಸಂಸ್ಥೆಗಳಲ್ಲಿ ಬ್ರಿಟನ್ನಿಗೇ ಮೊದಲನೆಯದು. ಬಂದೂಕು ಹಿಂದೆ ಸರಿಯಿತು, ದುರ್ಬೀನು ಮುಂದೆ ಬಂತು. ಹಿಡಿದು ಕೂಡಿಡುವ ಆಸೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದು ಕಾಗದದ ಮೇಲೆ ಪಟ್ಟಿಯಾಗಿ ಇಳಿಯಿತು.

ಈ ಪಟ್ಟಿಯ ಲೆಕ್ಕ ವಿಚಿತ್ರವಾದುದು. ಜನವರಿ ಒಂದನೆಯ ತಾರೀಖು ಎಲ್ಲರದೂ ಸೊನ್ನೆ. ಆ ದಿನ ಕಾಗೆಗೂ ಮರ್ಯಾದೆ. ಗುಬ್ಬಚ್ಚಿ ಕಂಡರೂ ಹುಡುಗ ಕುಣಿಯುತ್ತಾನೆ. ಮಾರನೆಯ ದಿನ ಅದೇ ಕಾಗೆ ಎದುರಿಗೆ ಬಂದು ಕುಳಿತರೂ ಅವನು ತಿರುಗಿ ನೋಡುವುದಿಲ್ಲ, ಏಕೆಂದರೆ ಅದರ ಲೆಕ್ಕ ಮುಗಿಯಿತು. ಡಿಸೆಂಬರ್ ಕೊನೆಯೊಳಗೆ ಮುನ್ನೂರು ಜಾತಿ ಮುಟ್ಟಬೇಕೆಂಬುದು ಬ್ರಿಟನ್ನಿನ ಪಟ್ಟಿಗಾರರ ಹಳೆಯ ಹಂಬಲ. ಮೊದಲ ಇನ್ನೂರು, ಕಾಲಿನಲ್ಲಿ ಕಸುವಿದ್ದವನಿಗೆ ದಕ್ಕುತ್ತವೆ. ಅಲ್ಲಿಂದ ಮುಂದೆ ಒಂದೊಂದಕ್ಕೂ ಬೆವರು, ರೈಲಿನ ಚಾರ್ಜು, ನಿದ್ದೆ, ಪರೀಕ್ಷೆಯ ಅಂಕಗಳು, ಹೀಗೆ ಏನಾದರೊಂದನ್ನು ತೆರಲೇಬೇಕು. ಆ ದೇಶದಲ್ಲಿ ಇದುವರೆಗೆ ಕಂಡ ಹಕ್ಕಿಗಳ ಅಧಿಕೃತ ಪಟ್ಟಿ ಈಗ 600 ಜಾತಿಗಳನ್ನು ಮೀರಿದೆ. ಅದರಲ್ಲಿ ದೊಡ್ಡ ಪಾಲು ಎಂದೋ ಒಮ್ಮೆ ದಾರಿ ತಪ್ಪಿ ಬಂದು ಹೋದ ಅತಿಥಿಗಳದೇ. ಆದ್ದರಿಂದ ಪಟ್ಟಿ ಬೆಳೆಯಬೇಕಾದರೆ ಅತಿಥಿ ಬಂದಿತೆಂಬ ಸುದ್ದಿ ಸಿಗಬೇಕು. ಸುದ್ದಿ ಸಿಕ್ಕ ಗಳಿಗೆಯಲ್ಲೇ ಓಡಬೇಕು.

ಆ ಸುದ್ದಿಯ ಅಂಚೆಮನೆ 1970ರ ದಶಕದಿಂದ 1988ರ ಕೊನೆಯವರೆಗೆ ಕ್ಲೈ ಹಳ್ಳಿಯ ಒಂದು ಮನೆಯ ಮುಂಗೋಣೆಯಲ್ಲಿತ್ತು. ನ್ಯಾನ್ಸಿಯ ಕೆಫೆ ಎಂದು ಅದಕ್ಕೆ ಹೆಸರು. ರೊಟ್ಟಿಯ ಮೇಲೆ ಬೇಯಿಸಿದ ಹುರುಳಿ, ರೊಟ್ಟಿಯದೇ ಒಂದು ಸಿಹಿ ಕಡುಬು, ಬಿಸಿ ಚಹಾ. ಬೆಲೆ ಕಡಮೆ, ಒದ್ದೆ ಬೂಟುಗಳನ್ನು ಕಂಡು ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಮೂಲೆಯಲ್ಲಿ ಒಂದು ಟೆಲಿಫೋನು. ಅದಕ್ಕೆ ಬಿಡುವೆಂಬುದೇ ಇಲ್ಲ. ಹತ್ತಿರ ಕುಳಿತವನು ತಿನ್ನುವುದನ್ನು ಬಿಟ್ಟು ಎದ್ದು ಅದನ್ನು ಎತ್ತಿಕೊಳ್ಳಬೇಕು. “ಇವತ್ತು ಏನಿದೆ?” ಎಂದು ಆ ತುದಿಯಿಂದ ಕೇಳುವವನು ಸ್ಕಾಟ್ಲೆಂಡಿನವನಿರಬಹುದು, ಕಾರ್ನ್‌ವಾಲಿನವನಿರಬಹುದು. ಇಲ್ಲಿದ್ದುದನ್ನು ಹೇಳಬೇಕು, ಅಲ್ಲಿದ್ದುದನ್ನು ಬರೆದುಕೊಳ್ಳಬೇಕು. ಸುದ್ದಿ ದೊಡ್ಡದಾದರೆ ಅರೆ ತಿಂದ ತಟ್ಟೆಗಳನ್ನು ಬಿಟ್ಟು ಕೋಣೆಯೇ ಖಾಲಿ. ಮಕ್ಕಳು ಹೊತ್ತುಹೊತ್ತಿಗೆ ಊಟ ಮಾಡುವುದಿಲ್ಲವೆಂದು ಕೊರಗುವ ತಾಯಂದಿರು ಆ ಕೋಣೆಯನ್ನು ನೋಡಬೇಕಾಗಿತ್ತು!

ಈ ಕೂಟಕ್ಕೆ ತನ್ನದೇ ಒಂದು ನುಡಿಯೂ ಹುಟ್ಟಿಕೊಂಡಿತು. ಹಕ್ಕಿ ಹಾರಿಹೋದ ಮೇಲೆ ತಲುಪಿದವನು ‘ಡಿಪ್’ ಆದ; ಅವನೆದುರಿಗೆ ತಾನು ಕಂಡ ಚೆಲುವನ್ನು ಬಣ್ಣಿಸಿ ಹೊಟ್ಟೆ ಉರಿಸುವವನು ಅವನನ್ನು ‘ಗ್ರಿಪ್’ ಮಾಡಿದ; ಕಾಣದ್ದನ್ನು ಕಂಡೆನೆನ್ನುವವನು ‘ಸ್ಟ್ರಿಂಗರ್’. ಇವರೆಲ್ಲರಿಗೂ ಸೇರಿ ‘ಟ್ವಿಚರ್’ ಎಂಬ ಹೆಸರು. ಟ್ವಿಚ್ ಎಂದರೆ ಅದುರುವುದು. 1950ರ ದಶಕದಲ್ಲಿ ಇಬ್ಬರು ಗೆಳೆಯರು ಮೋಟಾರು ಸೈಕಲಿನಲ್ಲಿ ಹಕ್ಕಿಗಳ ಬೆನ್ನು ಹತ್ತಿ ಹೋಗುತ್ತಿದ್ದರಂತೆ. ಹಿಂದೆ ಕುಳಿತವನು ಊರು ತಲುಪುವ ಹೊತ್ತಿಗೆ ಚಳಿಗೆ ಗಡಗಡನೆ ಅದುರುತ್ತಿದ್ದನಂತೆ. ಆ ನಡುಕದಿಂದ ಈ ಹೆಸರು ಬಂತೆಂದು ಹಳಬರು ಹೇಳುತ್ತಾರೆ.

ಗುರುವಿಲ್ಲದ ವಿದ್ಯೆಯಲ್ಲ ಇದು. ಜೌಗಿನ ನಡುವೆ ಕಡಲಿನವರೆಗೂ ಹೋಗುವ ಒಂದು ಮಣ್ಣಿನ ಏರಿಯುಂಟು. ಈಸ್ಟ್ ಬ್ಯಾಂಕ್ ಎನ್ನುತ್ತಾರೆ. ಅಲ್ಲಿ ರಿಚರ್ಡ್ ರಿಚರ್ಡ್‌ಸನ್ ಎಂಬ ಚಿತ್ರಕಾರರು ವರ್ಷಗಟ್ಟಲೆ, ಬಹುಮಟ್ಟಿಗೆ ದಿನವೂ ಎಂಬಂತೆ, ಬಂದು ಕೂಡುತ್ತಿದ್ದರು. 1952ರಲ್ಲಿ ಹೊರಬಂದು ಒಂದು ತಲೆಮಾರಿನ ಹುಡುಗರ ಜೇಬಿನಲ್ಲಿ ಸವೆದುಹೋದ ಹಕ್ಕಿ ಕೈಪಿಡಿಯ ಚಿತ್ರಗಳು ಅವರವೇ. ಅಳುಕುತ್ತ ಬಂದು ನಿಂತ ಎಳೆಯನನ್ನು ಅವರು ಪಕ್ಕದಲ್ಲಿ ಕೂರಿಸಿಕೊಂಡು, ಹಾರುವ ಹಕ್ಕಿಯ ರೆಕ್ಕೆಯ ಬಡಿತವನ್ನೂ ಕೂಗಿನ ಏರಿಳಿತವನ್ನೂ ತೋರಿಸಿಕೊಡುತ್ತಿದ್ದರು. ಮನೆಯ ಸಾಧಾರಣ ಹಕ್ಕಿಯನ್ನು ಸರಿಯಾಗಿ ಅರಿಯದವನಿಗೆ ಅಪೂರ್ವವಾದುದು ಎದುರಿಗೆ ಬಂದರೂ ಗುರುತಾಗುವುದು ಹೇಗೆ? ಐವತ್ತೈದರ ಪ್ರಾಯದಲ್ಲಿ, 1977ರಲ್ಲಿ, ಅವರು ತೀರಿಕೊಂಡರು. ಆ ಏರಿಯ ಮೇಲೆ ಕುಳಿತು ಕಲಿತವರು ಆ ದೇಶದ ನುರಿತ ಹಕ್ಕಿಗಣ್ಣುಗಳಲ್ಲಿ ಹಲವರು.

ಪಟ್ಟಿ ನಿಂತಿರುವುದು ಬರೆದವನ ಮಾತಿನ ಮೇಲೆ. ಸಾಕ್ಷಿಯಿಲ್ಲದೆ ಒಂದು ಹೆಸರನ್ನು ಸೇರಿಸಿಕೊಂಡರೆ ಕೈ ಹಿಡಿಯುವವರಾರು? ಸುಳ್ಳಿನ ದೊಡ್ಡ ಕತೆಯೊಂದು ಆ ನಾಡಿನಲ್ಲಿ ನಡೆದೇ ಇದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತೆಂಕಣ ತೀರದ ಹೇಸ್ಟಿಂಗ್ಸ್ ಪಟ್ಟಣದ ಸುತ್ತ ಸಿಕ್ಕವೆಂದು ಹೇಳಿದ ನೂರಾರು ಅಪೂರ್ವ ಹಕ್ಕಿಗಳ ದಾಖಲೆಗಳನ್ನು, ನಂಬತಕ್ಕವಲ್ಲವೆಂದು 1962ರಲ್ಲಿ ಒಮ್ಮೆಗೇ ತಳ್ಳಿಹಾಕಿದರು. ಅದಕ್ಕೆ ಮೂರು ವರ್ಷ ಮುಂಚೆಯೇ, 1959ರಲ್ಲಿ, ಅಪೂರ್ವ ದರ್ಶನಗಳನ್ನು ವಿಚಾರಿಸಿ ತೀರ್ಪು ಕೊಡಲು ಹತ್ತು ಮಂದಿಯ ಒಂದು ಪಂಚಾಯತಿ ಏರ್ಪಟ್ಟಿತ್ತು. ಅದು ಇಂದಿಗೂ ಕೆಲಸ ಮಾಡುತ್ತಿದೆ. ಹದಿನಾರರ ಹುಡುಗನಾದರೂ ಕಂಡದ್ದನ್ನು ಗರಿಗರಿಯಾಗಿ ಬಣ್ಣಿಸಿ ಬರೆದುಕೊಡಬೇಕು; ಹತ್ತು ಜನ ತೂಗಿ ನೋಡುತ್ತಾರೆ. ತಿರಸ್ಕಾರವಾದರೆ ಅವನಿಗಾಗುವ ನೋವು ಪರೀಕ್ಷೆಯಲ್ಲಿ ನಪಾಸಾದ ನೋವಿಗಿಂತ ಕಡಮೆಯದಲ್ಲ. ಒಮ್ಮೆ ಸ್ಟ್ರಿಂಗರ್ ಎನಿಸಿಕೊಂಡವನ ಮಾತನ್ನು ಕೆಫೆಯಲ್ಲಿ ಮತ್ತೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಇಷ್ಟೆಲ್ಲ ಪಾಡು ಯಾವ ಹಕ್ಕಿಗಾಗಿ ಎಂದು ತಿಳಿದರೆ ಕನ್ನಡಿಗನಿಗೆ ನಗೆ ಬರಬಹುದು. ಬೆಂಗಳೂರಿನ ಯಾವ ಮನೆಯ ಹಿತ್ತಿಲಿನಲ್ಲಾದರೂ ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ ದಾಸವಾಳದ ಪೊದೆಯೊಳಗಿನಿಂದ ‘ಚೆಕ್, ಚೆಕ್’ ಎಂಬ ಸದ್ದು ಕೇಳುತ್ತಿರುತ್ತದೆ. ಮಾಸಲು ಕಂದು ಬಣ್ಣದ, ಗುಬ್ಬಚ್ಚಿಗಿಂತ ಸಣ್ಣದಾದ ಉಲಿಯಕ್ಕಿ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿ ದುಡಿದ ಎಡ್ವರ್ಡ್ ಬ್ಲೈತ್ ಎಂಬಾತನ ಹೆಸರು ಅದಕ್ಕೆ ಅಂಟಿಕೊಂಡಿದೆ. ಬಟ್ಟೆ ಒಣಗಹಾಕುವ ಗೃಹಿಣಿ ಅದರ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ಅದೇ ಹಕ್ಕಿ ನಾರ್ಫೋಕ್ ತೀರದಲ್ಲಿ ಒಂದು ಕಂಡರೆ ದಶಕಗಳ ಕಾಲ ಅದು ಟೆಲಿಫೋನಿನ ಸುದ್ದಿಯಾಗಿತ್ತು. ಉತ್ತರ ಕರ್ನಾಟಕದಲ್ಲಿ ಜೋಳ ತೆನೆಗಟ್ಟಿದಾಗ ಗುಲಾಬಿ ಬಣ್ಣದ ಕಬ್ಬಕ್ಕಿಗಳು ಮೋಡದಂತೆ ಬಂದಿಳಿಯುತ್ತವೆ. ರೈತನ ಮಗ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುತ್ತಾನೆ, ತಗಡು ಬಡಿಯುತ್ತಾನೆ. ಹೇಗಾದರೂ ತೊಲಗಿದರೆ ಸಾಕು. ಆ ಹಿಂಡಿನದೇ ಜಾತಿಯ ಒಂಟಿ ಹಕ್ಕಿ ಇಂಗ್ಲೆಂಡಿನ ಯಾವುದೋ ಹಿತ್ತಿಲ ಬೇಲಿಯ ಮೇಲೆ ಕುಳಿತರೆ, ಅದೇ ವಯಸ್ಸಿನ ಇನ್ನೊಬ್ಬ ಹುಡುಗ ಉಸಿರು ಬಿಗಿಹಿಡಿದು, ಅದು ಹಾರಿಹೋಗದಿರಲೆಂದು ಬೇಡಿಕೊಳ್ಳುತ್ತಾನೆ.

ಹಾಗೆ ಒಂಟಿಯಾಗಿ ಬಂದಿಳಿಯುವವು ಹೆಚ್ಚಾಗಿ ಅದೇ ವರ್ಷ ಹುಟ್ಟಿದ ಮರಿಗಳು. ಸೈಬೀರಿಯದಿಂದಲೋ ಮಧ್ಯ ಏಷ್ಯದಿಂದಲೋ ತೆಂಕಣಕ್ಕೆ, ಇಂಡಿಯದ ಕಡೆಗೆ, ಹಾರಬೇಕಾದುದು ಹುಟ್ಟಿನಿಂದ ಬಂದ ದಿಕ್ಸೂಚಿ ತಪ್ಪಿ ಪಡುವಣಕ್ಕೆ ಹಾರಿಬಿಡುತ್ತವೆ. ಮುಂದೆ ಅಟ್ಲಾಂಟಿಕ್ ಸಾಗರ. ಅವುಗಳಲ್ಲಿ ಎಷ್ಟು ಮತ್ತೆ ತಮ್ಮ ನಾಡನ್ನು ಕಾಣುತ್ತವೋ! ಹುಡುಗ ತನ್ನ ಪುಸ್ತಕದಲ್ಲಿ ಸಂಭ್ರಮದಿಂದ ಬರೆದುಕೊಳ್ಳುವುದು ಒಂದು ಮರಿಯ ದಾರಿ ತಪ್ಪಿದ ತಾರೀಖನ್ನು. ಇದನ್ನು ಪಟ್ಟಿಗಾರರು ಅರಿಯದವರಲ್ಲ. 2013ರ ಜೂನಿನಲ್ಲಿ ಸ್ಕಾಟ್ಲೆಂಡಿನ ಹ್ಯಾರಿಸ್ ದ್ವೀಪಕ್ಕೆ ಏಷ್ಯದ ಬಿಳಿ ಕೊರಳಿನ ಬಾನಾಡಿಯೊಂದು ಬಂತು. ಬ್ರಿಟನ್ನಿನಲ್ಲಿ ಅದು ಕಾಣಿಸಿದ್ದು ಇಪ್ಪತ್ತೆರಡು ವರ್ಷಗಳ ಮೇಲೆ. ಹಕ್ಕಿಗಳಲ್ಲೇ ಅತಿ ವೇಗದವುಗಳಲ್ಲಿ ಒಂದು ಅದು. ದೂರ ದೂರದಿಂದ ಹೋದವರು ದುರ್ಬೀನು ಹಿಡಿದು ನೋಡುತ್ತಿದ್ದಂತೆಯೇ, ಗಾಳಿಯಿಂದ ವಿದ್ಯುತ್ತು ತೆಗೆಯುವ ಯಂತ್ರದ ರೆಕ್ಕೆಗೆ ಬಡಿದು ಸತ್ತುಬಿತ್ತು. ಹಾಗೆ ಕಂಡ ಹಕ್ಕಿಯೂ ಪಟ್ಟಿಯಲ್ಲಿ ಒಂದೇ. ಜನವರಿಯ ಕಾಗೆಯೂ ಒಂದೇ.

ಕ್ಲೈ ಹಳ್ಳಿಯಲ್ಲಿ ಕೆಫೆ ಮುಚ್ಚಿದ ಮೇಲೆ ಸುದ್ದಿ ಮೊದಲು ಟೆಲಿಫೋನಿನ ದಾಖಲಿತ ದನಿಗೆ, ಆಮೇಲೆ ಸೊಂಟದ ಪೇಜರಿಗೆ, ಈಗ ಅಂಗೈಯ ಮೊಬೈಲಿಗೆ ಸೇರಿದೆ. ಹಕ್ಕಿ ಇಳಿದ ಐದು ನಿಮಿಷದಲ್ಲಿ ದೇಶಕ್ಕೆಲ್ಲ ತಿಳಿಯುತ್ತದೆ. ಲಾರಿಗೆ ಕೈಯೊಡ್ಡುತ್ತಿದ್ದ ಹುಡುಗರಿಗೆ ತಲೆ ನರೆತಿದೆ, ಕಾರುಗಳಲ್ಲಿ ಬರುತ್ತಾರೆ. ಹಿಂದೆ ಬಹುಮಟ್ಟಿಗೆ ಗಂಡುಹುಡುಗರದೇ ಆಗಿದ್ದ ಈ ಆಟಕ್ಕೆ ಹುಡುಗಿಯರೂ ಬಂದಿದ್ದಾರೆ. ಬಾಂಗ್ಲಾದೇಶ ಮೂಲದ ತಾಯಿಯ ಮಗಳು ಮಾಯಾ ರೋಸ್ ಕ್ರೇಗ್, 2002ರಲ್ಲಿ ಹುಟ್ಟಿದವಳು, ಬಾಲ್ಯದಲ್ಲೇ ತಂದೆತಾಯಿಗಳೊಡನೆ ವರ್ಷಪಟ್ಟಿಯ ಬೆನ್ನು ಹತ್ತಿ, ಹದಿನೇಳು ತುಂಬಿದ್ದಾಗ ಜಗತ್ತಿನ ಹಕ್ಕಿ ಜಾತಿಗಳಲ್ಲಿ ಅರ್ಧದಷ್ಟನ್ನು ನೋಡಿ ಮುಗಿಸಿದ್ದಳು.

2008ರ ಜನವರಿ ಮೊದಲ ವಾರ. ಎಲ್ಲರ ಪಟ್ಟಿಯೂ ಇನ್ನೂ ಎಳೆಯದು. ಕ್ಲೈ ಹಳ್ಳಿಯ ಒಂದು ಮನೆಯ ಅಂಗಳಕ್ಕೆ ತಲೆಯ ಮೇಲೆ ಕಪ್ಪು ಬಿಳಿ ಪಟ್ಟೆಗಳ ಗುಬ್ಬಚ್ಚಿಯೊಂದು ಬಂದು ಕಾಳು ಹೆಕ್ಕತೊಡಗಿತು. ಉತ್ತರ ಅಮೆರಿಕದಲ್ಲಿ ಹೇರಳವಾಗಿರುವ ಹಕ್ಕಿ; ಇಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ಕಂಡದ್ದು. ಸುದ್ದಿ ಹಬ್ಬಿತು. ಚಳಿಯಲ್ಲಿ ಕಿರುಗಲ್ಲಿಯ ತುಂಬ ಜನ. ಮನೆಯವರು ಬಾಗಿಲು ಹಾಕಿಕೊಳ್ಳಲಿಲ್ಲ. ಕಾಳು ಚೆಲ್ಲಿ ಹಕ್ಕಿಯನ್ನು ಉಳಿಸಿಕೊಂಡರು, ಬಂದವರ ಮುಂದೆ ಇಗರ್ಜಿಯ ಜೀರ್ಣೋದ್ಧಾರಕ್ಕೆಂದು ಕಾಣಿಕೆಯ ಪಾತ್ರೆ ಇಟ್ಟರು. ಮಾರ್ಚಿನವರೆಗೂ ಹಕ್ಕಿ ಇತ್ತು, ಕಾಣಿಕೆ ಆರು ಸಾವಿರ ಪೌಂಡುಗಳನ್ನು ಮೀರಿತು.

ಆಮೇಲೆ ಒಂದು ದಿನ ಗುಬ್ಬಚ್ಚಿ ಕಾಣಲಿಲ್ಲ. ಎತ್ತ ಹೋಯಿತೆಂದು ಬಲ್ಲವರಿಲ್ಲ. ಸಂತ ಮಾರ್ಗರೆಟ್ಟಳ ಹೆಸರಿನ ಆ ದೊಡ್ಡ ಇಗರ್ಜಿಯಲ್ಲಿ ಪಡುವಣ ಕಿಟಕಿಯ ಗಾಜನ್ನು ದುರಸ್ತಿ ಮಾಡಿದಾಗ ಅದರೊಳಗೆ ಆ ಪಟ್ಟೆತಲೆಯ ಹಕ್ಕಿಯ ಪುಟ್ಟ ಚಿತ್ರವನ್ನು ಕೂರಿಸಿದರು. ಸಂಜೆಯ ಬಿಸಿಲು ಆ ಗಾಜಿನ ಮೇಲೆ ಬೀಳುತ್ತದೆ. ಜೌಗಿನಿಂದ ಹಿಂದಿರುಗುವವರಲ್ಲಿ ಕೆಲವರು ಒಳಗೆ ಹೋಗಿ, ಅಭ್ಯಾಸಬಲದಿಂದ ದುರ್ಬೀನನ್ನೇ ಎತ್ತಿ ಅದನ್ನು ನೋಡುವುದುಂಟು.