ಪುಣೆಯಲ್ಲಿ ಗಾಡಿಯಿಲ್ಲದ ಎರಡು ವರ್ಷ

ಪುಣೆಯಲ್ಲಿ ‘ಗಾಡಿ’ ಎಂದರೆ ಬಹುಪಾಲು ಸ್ಕೂಟರ್ ಅಥವಾ ಬೈಕ್. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದು ಹೆಸರಾಗಿದ್ದ ಈ ವಿದ್ಯಾರ್ಥಿಗಳ ನಗರದಲ್ಲಿ ಈಗ ಗಾಡಿಯಿಲ್ಲದವರು ಸಿಗುವುದೇ ಅಪರೂಪ. 2022ರಲ್ಲಿ ಗದಗದಿಂದ ಎಂ.ಎ. ಓದಲು ಬಂದ ನಾನು ಅಂಥವರಲ್ಲೊಬ್ಬ.

ರೂಮು ಸಿಕ್ಕಿದ್ದು ಸದಾಶಿವ ಪೇಠೆಯಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಠಿಕಾಣಿ ಅದು. ಖಾನಾವಳಿ, ಓದುವ ಕೋಣೆಗಳು, ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳು ಎಲ್ಲವೂ ಕಾಲ್ನಡಿಗೆಯ ದೂರದಲ್ಲೇ. ವಿಶ್ವವಿದ್ಯಾಲಯ ಮಾತ್ರ ದೂರದ ಗಣೇಶಖಿಂಡದಲ್ಲಿ. ಬ್ರಿಟಿಷ್ ಗವರ್ನರರ ನಿವಾಸವಾಗಿದ್ದ ಕಟ್ಟಡ, ಅದರ ಸುತ್ತ 400 ಎಕರೆಗೂ ಮಿಕ್ಕಿದ ಆವರಣ. ಗೇಟಿನಲ್ಲಿ ಬಸ್ಸಿಳಿದ ಮೇಲೂ ಜಯಕರ್ ಗ್ರಂಥಾಲಯಕ್ಕೆ ನಡೆಯಲೇಬೇಕು. ಮೆಟ್ರೊಗಾಗಿ 2020ರಲ್ಲಿ ಅಲ್ಲಿನ ಮೇಲ್ಸೇತುವೆ ಕೆಡವಿದ್ದರಿಂದ ಚೌಕದಲ್ಲಿ ಬಸ್ಸು ನಿಂತರೆ ನಿಂತೇ ಇರುತ್ತಿತ್ತು.

ಇನ್ನೊಂದು ದಾರಿ ತೋರಿಸಿದ್ದು ಸಾಂಗ್ಲಿಯ ರೂಮ್‌ಮೇಟ್. ಲಕ್ಡಿ ಪೂಲ್ ದಾಟಿ, ಫರ್ಗ್ಯುಸನ್ ಕಾಲೇಜಿನ ಹಿಂದಿನ ಹನುಮಾನ್ ಟೇಕಡಿ ಹತ್ತಿ, ಆಚೆ ಗೋಖಲೇನಗರಕ್ಕೆ ಇಳಿದರೆ ಸೇನಾಪತಿ ಬಾಪಟ್ ರಸ್ತೆ. ಚತುಃಶೃಂಗಿ ಗುಡಿ ದಾಟಿದರೆ ವಿಶ್ವವಿದ್ಯಾಲಯ. ಒಂದೂಕಾಲು ಗಂಟೆಯ ನಡಿಗೆ. ಟೇಕಡಿಯ ಮೇಲೆ ಗಾಡಿ ಹೋಗುವುದಿಲ್ಲ. ಬೆಳಿಗ್ಗೆ ಅಲ್ಲಿ ನವಿಲಿನ ಕೂಗು ಕೇಳುತ್ತದೆ, ನಿವೃತ್ತ ಅಜ್ಜಂದಿರು ರಾಜಕೀಯ ಮಾತಾಡುತ್ತಿರುತ್ತಾರೆ. ನನಗೆ ಮರಾಠಿ ಬಂದದ್ದು ಹೆಚ್ಚಾಗಿ ಅವರಿಂದ.

ಹಾಗೆಂದು ಎಲ್ಲವೂ ಸುಖವಾಗಿರಲಿಲ್ಲ. ಸಮೀಕ್ಷೆಯ ಅರೆಕಾಲಿಕ ಕೆಲಸವೊಂದು ಹತ್ತಿರ ಬಂದು ತಪ್ಪಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಗಾಡಿ ಆಹೇ ಕಾ?” ರಾತ್ರಿ ಗೆಳೆಯರ ಕೂಟದಲ್ಲಿ ಕೂತಾಗಲೂ ಕಣ್ಣು ಗಡಿಯಾರದ ಮೇಲೆ. ಕೊನೆಯ ಬಸ್ಸು ಹೋದರೆ ಯಾರನ್ನಾದರೂ ಡ್ರಾಪ್ ಕೇಳಬೇಕು. ದಿನಾ ಕೇಳಿದರೆ ಗೆಳೆತನವೂ ಸವೆಯುತ್ತದೆ.

ಅಪ್ಪನಿಗೆ ವಿಷಯ ತಿಳಿಯಿತು. “ಹಳೇದೊಂದು ಸ್ಕೂಟರ್ ತಗೋ, ರೊಕ್ಕ ಕಳಸ್ತೀನಿ” ಅಂದ. ಆ ರೊಕ್ಕ ಎಲ್ಲಿಯದೆಂದು ನನಗೆ ಗೊತ್ತಿತ್ತು, ತಂಗಿಯ ಡಿಪ್ಲೊಮಾ ಫೀಸಿನದು. ಬೇಡ ಎಂದೆ. ಎರಂಡವಣೆಯ ಕನ್ನಡ ಮನೆಯೊಂದರಲ್ಲಿ ಇಬ್ಬರು ಮಕ್ಕಳಿಗೆ ಪಾಠ ಹೇಳಲು ಶುರುಮಾಡಿದೆ. ಸಂಬಳ ಸಮೀಕ್ಷೆಯ ಕೆಲಸದ ಅರ್ಧದಷ್ಟು. ಆದರೆ ನಡೆದು ಹೋಗಬಹುದಿತ್ತು, ಸಂಜೆಗೆ ಅವಲಕ್ಕಿಯೂ ಸಿಗುತ್ತಿತ್ತು.

2023ರ ಆಗಸ್ಟ್‌ನಲ್ಲಿ ಡೆಕ್ಕನ್ ಜಿಮ್‌ಖಾನಾ ಮೆಟ್ರೊ ನಿಲ್ದಾಣ ತೆರೆಯಿತು. ವಿಶ್ವವಿದ್ಯಾಲಯಕ್ಕೆ ಅದರಿಂದ ಉಪಯೋಗವಾಗಲಿಲ್ಲ. ಆದರೆ ಊರಿಗೆ ಹೊರಟಾಗ ಚೀಲ ಹೊತ್ತು ನೇರ ರೈಲ್ವೆ ಸ್ಟೇಷನ್ನಿಗೆ ಹೋಗಬಹುದಾಯಿತು, ಆಟೋದವರೊಡನೆ ಚೌಕಾಸಿ ತಪ್ಪಿತು.

ಈಗ ಪುಣೆಗೆ ಓದಲು ಬರುವ ನಮ್ಮ ಕಡೆಯ ಹುಡುಗರು ಗಾಡಿಯ ಬಗ್ಗೆ ಕೇಳಿದರೆ ನಾನು ಮೊದಲು ಕೇಳುವುದು ರೂಮು ಎಲ್ಲಿ ಎಂದು. ಬಾಡಿಗೆ ಸಾವಿರ ರೂಪಾಯಿ ಕಡಿಮೆಯೆಂದು ದೂರ ಹೋದರೆ ಆ ಸಾವಿರ ಪೆಟ್ರೋಲಿಗೋ ಆಟೋಗೋ ಹೋಗುತ್ತದೆ. ಕಾಲೇಜು, ಊಟ, ಬಸ್ ನಿಲ್ದಾಣ, ಈ ಮೂರರಲ್ಲಿ ಎರಡಾದರೂ ನಡೆಯುವ ದೂರದಲ್ಲಿರಲಿ. ಉಳಿದದ್ದನ್ನು ಕಾಲು ನೋಡಿಕೊಳ್ಳುತ್ತದೆ.