ಚಾಚನ್ ಬರೆದಿಟ್ಟ ಬಾಕಿ ಲೆಕ್ಕ
(ಒಂದೇ ಕ್ಯಾಪ್ಷನ್‌ಗೆ ಜಾಗ ಸಾಲಲ್ಲ, ಅದಕ್ಕೇ ಮೂರು ಪೋಸ್ಟ್. ಸಾಲಾಗಿ ಓದಿ.)

1

ಹೋದ ಪೋಸ್ಟ್ ಓದಿ ನಿಮ್ಮಲ್ಲಿ ಒಬ್ಬರು ಮೆಸೇಜ್ ಹಾಕಿದ್ರಿ. "ಸತ್ತವರು ಮತ್ತೆ ಎದ್ದೇಳ್ತಾರೆ ಅಂತ ನೀವು ನಂಬ್ತೀರಲ್ಲ, ಮತ್ಯಾಕೆ ಇಷ್ಟು ಅಳೋದು?" ತಮಾಷೆಗೆ ಕೇಳಿದ್ದಲ್ಲ ಅಂತ ಗೊತ್ತು. ಚಾಚನ್ ತೀರಿಕೊಂಡ ವಾರ ನನ್ನ ತಲೆಯಲ್ಲೂ ಇದೇ ಓಡ್ತಿತ್ತು.

(ಚಾಚನ್ ಅಂದ್ರೆ ಅಪ್ಪ. ಹೊಸಬರಿಗೆ ಹೇಳ್ತಿದ್ದೀನಿ. ನಮ್ಮಜ್ಜ ಅರವತ್ತರ ದಶಕದಲ್ಲಿ ಕೇರಳದಿಂದ ಎನ್.ಆರ್. ಪುರಕ್ಕೆ ಬಂದವರು. ಮನೆಯೊಳಗೆ ಮಲಯಾಳಂ, ಗೇಟು ದಾಟಿದ್ರೆ ಕನ್ನಡ. ನಮ್ಮೂರಲ್ಲಿ ಇಂಥ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು.)

ಉತ್ತರ ನನಗೆ ಸಿಕ್ಕಿದ್ದು ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ. ಬೆಥಾನ್ಯ ಅನ್ನೋ ಊರು. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನ ಆಗಿದೆ. ಅಕ್ಕ ಮಾರ್ತಾ ಎದುರಿಗೆ ಬಂದು, ನೀನು ಇಲ್ಲಿದ್ದಿದ್ರೆ ನನ್ನ ತಮ್ಮ ಸಾಯ್ತಿರಲಿಲ್ಲ ಅಂತ ನೇರವಾಗಿ ಹೇಳ್ತಾಳೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನ ಎಬ್ಬಿಸ್ತೀನಿ ಅಂತ ಯೇಸುವಿಗೆ ಗೊತ್ತಿದೆ. ಆದ್ರೂ ಸಮಾಧಿ ಹತ್ರ ಹೋಗೋ ಮುಂಚೆ ಅವನು ಅಳ್ತಾನೆ. ಬೇರೆಯವರಿಗೆ ಸಮಾಧಾನ ಹೇಳೋಕೆ ಹಾಕಿದ ನಾಟಕ ಅಲ್ಲ ಅದು, ನಿಜವಾದ ಅಳು.

ಎಲ್ಲಾ ಗೊತ್ತಿದ್ದವನೇ ಅತ್ತ ಮೇಲೆ ನಾವು ಹಲ್ಲು ಕಚ್ಚಿಕೊಂಡು ಕೂರೋದು ಯಾಕೆ? ಮಣ್ಣು ಮಾಡೋ ದಿನ "ಅಳ್ಬೇಡ, ಅವರು ಸ್ವರ್ಗದಲ್ಲಿದ್ದಾರೆ" ಅಂತ ಯಾರೋ ನನ್ನ ಭುಜ ತಟ್ಟಿದ್ರು. ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಆದ್ರೆ ನಂಬಿಕೆ ಇದೆ ಅಂದಮಾತ್ರಕ್ಕೆ ಮನೆಯಲ್ಲಿ ಖಾಲಿ ಕುರ್ಚಿ ತುಂಬಲ್ಲ.

2

ಫೋಟೋದಲ್ಲಿರೋದು ಚಾಚನ್ ಪುಸ್ತಕ. ಹೆಸರುಗಳ ಮೇಲೆ ಬೆರಳಿಟ್ಟಿದ್ದೀನಿ, ಜೂಮ್ ಮಾಡ್ಬೇಡಿ.

ಚಾಚನ್ ಹತ್ರ ಒಂದು ಪಿಕಪ್ ಇತ್ತು. ಅಡಿಕೆ, ರಬ್ಬರ್ ಶೀಟ್, ಗೊಬ್ಬರ, ಮದುವೆ ಮನೆ ಪಾತ್ರೆ, ಏನಿದ್ರೂ ಬಾಡಿಗೆಗೆ ಹೊಡಿತಿದ್ರು. "ಮುಂದಿನ ಸಲ ಕೊಡ್ತೀನಿ" ಅಂದವರ ಹೆಸರು ಈ ಪುಸ್ತಕದಲ್ಲಿ. ನಮ್ಮಲ್ಲಿ ನಲವತ್ತೊಂದನೇ ದಿನ ಪ್ರಾರ್ಥನೆ, ಊಟ ಇರುತ್ತೆ. ಅದು ಮುಗಿದ ಮಾರನೇ ದಿನ ಅಮ್ಮ ಪುಸ್ತಕ ತಂದು ನನ್ನ ಮುಂದಿಟ್ಟು, "ಬಿಕಾಂ ಓದ್ತಿದ್ದೀಯಲ್ಲ, ಕೂಡು" ಅಂದ್ರು.

ಹನ್ನೊಂದು ಹೆಸರು. ಒಟ್ಟು 58,500 ರೂಪಾಯಿ.

ನಮ್ಮ ಕಡೆ ಲೆಕ್ಕನೂ ಹೇಳ್ಬೇಕು. ಪಿಕಪ್ ಸಾಲದ ಕಂತು ಇನ್ನೂ ಏಳು ಬಾಕಿ. ನನ್ನ ಫೀಸು ಕಟ್ಟಿರಲಿಲ್ಲ. ಆ ವರ್ಷ ಅಡಿಕೆಗೆ ಕೊಳೆ ಬೇರೆ. ದುಡ್ಡು ಬೇಕಿತ್ತು, ಚೆನ್ನಾಗೇ ಬೇಕಿತ್ತು.

ಅಮ್ಮ ಒಂದೊಂದೇ ಹೆಸರು ಓದಿಸಿಕೊಂಡ್ರು. ಏಳು ಹೆಸರಿಗೆ "ಇವರ ಹತ್ರ ಇದೆ, ಕೇಳು" ಅಂದ್ರು. ನಾಲ್ಕು ಹೆಸರಿಗೆ "ಹೊಡೆದು ಹಾಕು" ಅಂದ್ರು. ಆ ನಾಲ್ಕೂ 17,000. ಅದರಲ್ಲಿ ಒಂದು ಮನೆಯಲ್ಲಿ ಗಂಡ ಹಾಸಿಗೆ ಹಿಡಿದು ವರ್ಷ ಆಗಿದೆ, ಹೆಂಡತಿ ಕೂಲಿಗೆ ಹೋಗ್ತಾರೆ. ಅದು ಸರಿ, ಒಪ್ಪಿದೆ. ಇನ್ನೊಬ್ಬರದ್ದು ನನಗೆ ಒಪ್ಪಿಗೆ ಆಗಲಿಲ್ಲ, ಜಗಳನೇ ಆಡಿದೆ. ಇವತ್ತಿಗೂ ಒಪ್ಪಿಲ್ಲ. ಅಮ್ಮನೂ ಬಿಟ್ಟುಕೊಟ್ಟಿಲ್ಲ.

ಈಗ ಕ್ಲಾಸ್‌ಮೇಟ್ಸ್ ಗಮನಿಸಿ. ವಸೂಲಾಗದ ಸಾಲಕ್ಕೆ ಏನು ಎಂಟ್ರಿ ಹಾಕ್ತೀವಿ? ಬ್ಯಾಡ್ ಡೆಟ್ಸ್ ಖಾತೆಗೆ ಡೆಬಿಟ್, ಸಾಲಗಾರನ ಖಾತೆಗೆ ಕ್ರೆಡಿಟ್. ಸಾಲಗಾರನ ಹೆಸರು ಕ್ಲಿಯರ್. ಆದ್ರೆ ಆ ದುಡ್ಡು ಗಾಳಿಗೆ ಹೋಗಲ್ಲ. ವರ್ಷದ ಕೊನೆಗೆ ಕೊಟ್ಟವನ ಲಾಭ ನಷ್ಟದ ಖಾತೆಗೇ ಬಂದು ಕೂರುತ್ತೆ. ಮನ್ನಾ ಅಂದ್ರೆ ಸಾಲ ಮಾಯ ಆಗೋದಲ್ಲ, ಬೇರೊಬ್ಬರು ಅದನ್ನ ತಮ್ಮ ಮೇಲೆ ಎಳ್ಕೊಳ್ಳೋದು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದ ಎಂಟ್ರಿ ಅದು. ಶುಕ್ರವಾರಗಳಲ್ಲಿ ಶಿಲುಬೆ ದಾರಿ ಪ್ರಾರ್ಥನೆಗೆ ಚಿಕ್ಕಂದಿನಿಂದ ಮಂಡಿಯೂರಿದ್ದೀನಿ. ಶಿಲುಬೆ ಮೇಲೆ ಆಗಿದ್ದೇನು ಅಂತ ಸ್ವಲ್ಪ ತಲೆಗೆ ಹೋಗಿದ್ದು ಅವತ್ತು, ಅಡುಗೆಮನೆ ಮೇಜಿನ ಹತ್ರ.

3

ಮಿಷನರಿ ಗ್ರಹಾಂ ಸ್ಟೇನ್ಸ್ ಹೆಸರು ಕೇಳಿರ್ತೀರ. ಆಸ್ಟ್ರೇಲಿಯಾದವರು, 1965ರಿಂದ ಒಡಿಶಾದ ಮಯೂರ್‌ಭಂಜ್‌ನಲ್ಲಿ ಕುಷ್ಠರೋಗಿಗಳ ಮಧ್ಯೆ ಕೆಲಸ. (ನಮ್ಮ ಕಡೆಯಿಂದ ಜನ ಹೋಗೋ ಮಂಗಳೂರಿನ ಕಂಕನಾಡಿಯಲ್ಲೂ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಒಂದು ಆಶ್ರಮ ಶುರು ಮಾಡಿದ್ರು. ಯಾರೂ ಮುಟ್ಟದವರನ್ನ ಮುಟ್ಟಬೇಕು ಅನ್ನೋ ಹಟ ಇವರಿಗೆಲ್ಲ ಎಲ್ಲಿಂದ ಬರುತ್ತೋ.) 1999ರ ಜನವರಿ 22ರ ರಾತ್ರಿ ಮನೋಹರಪುರ ಅನ್ನೋ ಹಳ್ಳಿಯಲ್ಲಿ ಅವರು ಇಬ್ಬರು ಗಂಡುಮಕ್ಕಳ ಜೊತೆ ಗಾಡಿಯೊಳಗೆ ಮಲಗಿದ್ದಾಗ ಗುಂಪೊಂದು ಬೆಂಕಿ ಹಚ್ಚಿತು. ಮೂವರೂ ಹೋದ್ರು. ಫಿಲಿಪ್‌ಗೆ 10 ವರ್ಷ, ತಿಮೋತಿಗೆ 6.

ಹೆಂಡತಿ ಗ್ಲ್ಯಾಡಿಸ್, ಕೊಂದವರನ್ನ ಕ್ಷಮಿಸಿದ್ದೀನಿ ಅಂದ್ರು. ದೇಶವೆಲ್ಲ ಮಾತಾಡಿದ್ದು ಆ ಒಂದು ವಾಕ್ಯದ ಬಗ್ಗೆ. ಕೋರ್ಟ್ ತನ್ನ ಕೆಲಸ ಮಾಡ್ತು. ಮುಖ್ಯ ಅಪರಾಧಿಗೆ ಜೀವಾವಧಿ, 2011ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿತು. ಕ್ಷಮೆ ಅಂದ್ರೆ ಕೇಸ್ ಮುಚ್ಚಿ ಹಾಕೋದು ಅಲ್ಲವಲ್ಲ.

ನನಗೆ ದೊಡ್ಡದು ಅನಿಸೋದು ಆ ವಾಕ್ಯ ಅಲ್ಲ, ಆಮೇಲಿನ ವರ್ಷಗಳು. ಗ್ಲ್ಯಾಡಿಸ್ ನರ್ಸ್. ಗಂಟುಮೂಟೆ ಕಟ್ಟಿಕೊಂಡು ತಕ್ಷಣ ಊರಿಗೆ ಹೋಗಿದ್ರೆ ಯಾರೂ ಏನೂ ಅಂತಿರಲಿಲ್ಲ. ಹೋಗಲಿಲ್ಲ. ಮಗಳು ಎಸ್ತರ್ ಜೊತೆ ಬಾರಿಪದದಲ್ಲೇ ಉಳಿದು 2004ರವರೆಗೆ ಕುಷ್ಠರೋಗಿಗಳ ಆಶ್ರಮ ನೋಡಿಕೊಂಡ್ರು. ಗಂಡನ ಹೆಸರಲ್ಲಿ ಒಂದು ಆಸ್ಪತ್ರೆ ಆಯ್ತು. 2005ರಲ್ಲಿ ಪದ್ಮಶ್ರೀ ಬಂತು. ಯಾವುದೋ ಒಂದು ಮಂಗಳವಾರ, ಕ್ಯಾಮೆರಾ ಇಲ್ಲ, ಮಕ್ಕಳ ನೆನಪು ಎದೆಯಲ್ಲಿ ಕೂತಿದೆ, ಆದ್ರೂ ಎದ್ದು ಕೆಲಸಕ್ಕೆ ಹೋಗ್ಬೇಕು. ಅಂಥ ಮಂಗಳವಾರ ಐದು ವರ್ಷದಲ್ಲಿ ಎಷ್ಟು ಬಂದಿರಬೇಕು, ಲೆಕ್ಕ ಹಾಕಿ.

ನಮ್ಮಮ್ಮಂದು ಅಷ್ಟು ದೊಡ್ಡದೇನಲ್ಲ, ಹೋಲಿಸ್ತಾನೂ ಇಲ್ಲ. ಅವತ್ತು ಜಗಳದ ಕೊನೆಗೆ ನಾನು, "ನಮಗೇ ಇಲ್ಲ, ಬೇರೆಯವರಿಗೆ ಬಿಡೋದು ಯಾಕೆ?" ಅಂದೆ. ಅಮ್ಮ ಮಲಯಾಳಂನಲ್ಲಿ ಹೇಳಿದ್ದರ ಕನ್ನಡ ಇಷ್ಟು: "ನಾಳೆ ನಿಮ್ಮ ಚಾಚನ್ ಮತ್ತೆ ಸಿಕ್ಕಾಗ ಮೊದಲು ಕೇಳೋದು ಇದನ್ನೇ. ಆ ಹಾಸಿಗೆ ಹಿಡಿದವನ ಹತ್ರ ದುಡ್ಡು ಕೇಳಿದ್ಯಾ ಅಂತ. ನಾನೇನು ಹೇಳ್ಲಿ?"

ಸಿಕ್ಕಾಗ ಅಂದ್ರು. ಸಿಕ್ಕಿದ್ರೆ ಅನ್ನಲಿಲ್ಲ. ಪೇಟೆಗೆ ಹೋದವರು ಸಂಜೆ ಬರ್ತಾರೆ ಅನ್ನೋ ಹಾಗೆ. ಹೇಳಿದವರೇ ರಾತ್ರಿ ಚಾಚನ್ ಶರ್ಟು ಮಡಚ್ತಾ ಅತ್ತಿದ್ದೂ ನಿಜ. ಎರಡೂ ಒಂದೇ ದಿನ, ಒಂದೇ ಮನುಷ್ಯರು. ಮೆಸೇಜ್ ಹಾಕಿದವರೇ, ನಿಮ್ಮ ಪ್ರಶ್ನೆಗೆ ನನ್ನ ಹತ್ರ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಉಳಿದ ಏಳು ಜನರಿಂದ ಇದುವರೆಗೆ 23,000 ಬಂದಿದೆ. 18,500 ಬರ್ಬೇಕು. ನಿಮ್ಮ ಮನೆಯವರದ್ದೇನಾದ್ರೂ ಇದ್ರೆ ನಾನೇ ಬಂದು ಕೇಳ್ತೀನಿ, ಹೆದರ್ಬೇಡಿ.

ಇನ್ನೊಂದು. ನಮ್ಮ ಸೆಕ್ಷನ್‌ನಲ್ಲಿ ಒಬ್ಬರ ಮನೆಯಲ್ಲಿ ಹೋದ ತಿಂಗಳು ಸಾವಾಯ್ತು, ಯಾರು ಅಂತ ಗೊತ್ತಲ್ಲ. ಮೊದಲ ವಾರ ಎಲ್ಲರೂ ಹೋಗಿದ್ವಿ, ಆಮೇಲೆ ಯಾರೂ ಹೋಗಿಲ್ಲ. ನಮ್ಮ ಮನೆ ಅನುಭವದಲ್ಲಿ ಹೇಳ್ತೀನಿ, ಮನೆ ಖಾಲಿ ಅನಿಸೋದು ಆಮೇಲೇನೇ. ಭಾನುವಾರ ಪೂಜೆ ಮುಗಿಸಿ ಹತ್ತೂವರೆಗೆ ಹೊರಡ್ತೀನಿ. ಪಿಕಪ್ಪಲ್ಲಿ ಮುಂದೆ ಇಬ್ಬರಿಗೆ ಜಾಗ ಇದೆ, ಉಳಿದವರು ಬಸ್ಸಿಗೆ ಬನ್ನಿ. "ಹೇಗಿದ್ದೀಯ" ಅಂತ ಕೇಳೋದು ಬೇಡ. ಇಂಟರ್ನಲ್ಸ್ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡು ಬನ್ನಿ, ಜೊತೆಗೆ ಒಂದೆರಡು ಕೆಜಿ ಅಕ್ಕಿ.