ಸೇತುವೆಯಾಚೆಯ ಕೂಲಿ

ಪರಿಚಯವಾದ ಐದು ನಿಮಿಷದೊಳಗೆ ‘ಸಂಬಳವೆಷ್ಟು?’ ಎಂದು ಕೇಳದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಮಗಳಿಗೆ ಇದು ನಾಚಿಕೆಯ ಸಂಗತಿ. 2018ರ ಜೂನ್ ಕೊನೆಯಲ್ಲಿ ಬರ್ಲಿನ್ನಿನಿಂದ ಪೋಲೆಂಡಿನ ಗಡಿ ನೋಡಲೆಂದು ರೈಲಿನಲ್ಲಿ ಹೊರಟಿದ್ದೆವು. ಎದುರಿಗೆ ಎರಡು ದೊಡ್ಡ ಚೀಲಗಳನ್ನಿಟ್ಟುಕೊಂಡು ಪೋಲಿಷ್ ಹೆಂಗಸೊಬ್ಬಳು ಕುಳಿತಿದ್ದಳು.

“ಕೇಳಮ್ಮ” ಎಂದೆ.

“ಅಪ್ಪ, ಇಲ್ಲಿ ಹಾಗೆಲ್ಲ ಕೇಳಬಾರದು” ಎಂದಳು ಮಗಳು. ಆದರೂ ಜರ್ಮನ್ ಭಾಷೆಯಲ್ಲಿ ಕೇಳಿದಳು.

ಆಕೆ ನಕ್ಕಳು. ಲೆಕ್ಕ ಆಕೆಯ ನಾಲಗೆಯ ತುದಿಯಲ್ಲೇ ಇತ್ತು.

ಆಕೆ ಆಸ್ಪರಾಗಸ್ ಕೊಯ್ಯುವವಳು. ಅದು ನಮ್ಮ ಶತಾವರಿಯ ಬಳಗದ ಗಿಡ. ಬಿಸಿಲು ತಾಗದಂತೆ ಮಣ್ಣಿನ ದಿಬ್ಬದೊಳಗೇ ಬೆಳೆಯುವ ಅದರ ಬಿಳಿಯ ಚಿಗುರೆಂದರೆ ಜರ್ಮನರಿಗೆ ಪ್ರಾಣ. ಬಗ್ಗಿ, ಮಣ್ಣು ಸರಿಸಿ, ಒಂದೊಂದನ್ನೇ ಕತ್ತರಿಸಬೇಕು. ಜೂನ್ 24ಕ್ಕೆ ಸುಗ್ಗಿ ಮುಗಿಯುತ್ತದೆ. ಆ ವರ್ಷ ಜರ್ಮನಿಯಲ್ಲಿ ಗಂಟೆಗೆ ಕಾನೂನಿನ ಕನಿಷ್ಠ ಕೂಲಿ 8.84 ಯೂರೋ, ಪೋಲೆಂಡಿನ ನಾಣ್ಯದಲ್ಲಿ ಸುಮಾರು 38 ಜ್ಲೋಟಿ. ಅವಳ ದೇಶದಲ್ಲಿ 13.70.

“ಇಲ್ಲಿ ಒಂದು ಗಂಟೆ ಬಗ್ಗಿದರೆ ಅಲ್ಲಿ ಮೂರು ಗಂಟೆ ಬಗ್ಗಿದ ಹಾಗೆ” ಎಂದಳು. ಮಲಗುವ ಜಾಗಕ್ಕೆಂದು ಯಜಮಾನ ಹಿಡಿದುಕೊಂಡ ದುಡ್ಡಿನ ಮಾತನ್ನು ಆಮೇಲೆ, ದನಿ ತಗ್ಗಿಸಿ, ಹೇಳಿದಳು.

ನನಗೆ ಹಿಂದಿನ ರಾತ್ರಿಯ ಊಟ ನೆನಪಾಯಿತು. ಮಗಳು ಒಂದು ಕಿಲೋ ಆಸ್ಪರಾಗಸ್ ತಂದಿದ್ದಳು. ಬೆಲೆ ಹೆಚ್ಚುಕಡಮೆ ಈಕೆಯ ಒಂದು ಗಂಟೆಯ ಕೂಲಿ. ‘ಸಪ್ಪೆ’ ಎಂದು ತಟ್ಟೆಯಲ್ಲೇ ಬಿಟ್ಟಿದ್ದೆ.

ಈ ದಾರಿ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲೇ ಪೋಲರು ಸ್ಯಾಕ್ಸನಿಯ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು. ದುಡಿಯಲು ಪರದೇಶಕ್ಕೆ ಹೋಗುವುದಕ್ಕೆ ಅವರ ಮಾತಿನಲ್ಲಿ ಇಂದಿಗೂ ‘ಸಾಕ್ಸಿಗೆ ಹೋಗುವುದು’ ಎಂದೇ ಹೆಸರು.

ಓಡರ್ ನದಿಯ ದಡದ ಫ್ರಾಂಕ್‌ಫರ್ಟಿನಲ್ಲಿ ಇಳಿದೆವು. ಸೇತುವೆಯ ಆಚೆಗೆ ಪೋಲೆಂಡಿನ ಸ್ವುಬೀತ್ಸೆ. ನಡೆದು ದಾಟಲು ಹತ್ತು ನಿಮಿಷವೂ ಬೇಡ. ಅಷ್ಟರಲ್ಲಿ ಒಂದು ಗಂಟೆಯ ಬೆಲೆ ಮೂರನೆಯ ಒಂದಂಶಕ್ಕೆ ಇಳಿದಿರುತ್ತದೆ!

ಮಗಳು ತಾನಾಗಿಯೇ ಒಂದು ಪ್ರಶ್ನೆ ಕೇಳಿದಳು: “ಮನೆ ಬಿಟ್ಟು ಎಷ್ಟು ದಿನವಾಯಿತು?”

“ಹತ್ತು ವಾರ. ಮಗನಿಗೆ ಬೂಟು ಕೊಂಡಿದ್ದೇನೆ. ಕಾಲು ಬೆಳೆದಿರದಿದ್ದರೆ ಸಾಕು” ಎಂದು ಆಕೆ ಚೀಲ ಹೊತ್ತು ನಡೆದಳು.

2026ರಲ್ಲಿ ಅಲ್ಲಿ 13.90 ಯೂರೋ, ಇಲ್ಲಿ 31.40 ಜ್ಲೋಟಿ, ಅಂತರ ಎರಡು ಪಟ್ಟಿಗಿಂತ ಕಡಿಮೆಯಾಗಿದೆ. ಆ ಹೊಲಗಳಲ್ಲಿ ಈಗ ಪೋಲರಿಗಿಂತ ರುಮೇನಿಯದವರೇ ಹೆಚ್ಚು. ಬಗ್ಗುವ ಬೆನ್ನು ಬೇರೆ, ಲೆಕ್ಕ ಅದೇ.

ನಾನು ಈಗಲೂ ಸಂಬಳ ಕೇಳುತ್ತೇನೆ. ಆದರೆ ಮಗಳ ಪ್ರಶ್ನೆಯನ್ನು ಮೊದಲು ಕೇಳುತ್ತೇನೆ.